ಒಂದು ಹನಿಯೂ ಸೋರದ ಕಾರು

ಬೀಗ ಹಾಕಿದ ಮೇಲೆ ಒಮ್ಮೆ ಎಳೆದು ನೋಡುವವರು ಲೋಕದಲ್ಲಿ ಲಕ್ಷಾಂತರ ಮಂದಿ ಇದ್ದಾರೆ. ಆದರೆ ನಮ್ಮ ಬೀದಿಯ 'ಮೂರ್ಸಲ ಮೇಷ್ಟ್ರು' ಎಳೆದ ಬೀಗದ ಗತ್ತೇ ಬೇರೆ! ಮೊದಲ ಸಲಕ್ಕೆ ಬೀಗ ಅಲ್ಲಾಡುತ್ತದೆ. ಎರಡನೆಯ ಸಲಕ್ಕೆ ಬಾಗಿಲು ಅಲ್ಲಾಡುತ್ತದೆ. ಮೂರನೆಯ ಸಲಕ್ಕೆ ಪಕ್ಕದ ಮನೆಯವರು ಗೋಡೆ ಗಡಿಯಾರ ಸರಿಮಾಡಿಕೊಂಡು, "ಒಂಬತ್ತು ಇಪ್ಪತ್ತು ಆಯ್ತು, ಮೇಷ್ಟ್ರು ಸ್ಕೂಲಿಗೆ ಹೊರಟ್ರು" ಅನ್ನುತ್ತಾರೆ. ಒಮ್ಮೆ ಕಳ್ಳನೊಬ್ಬ ಆ ಬೀಗಕ್ಕೆ ಕೈಹಾಕಿ, ಅದು ಅಷ್ಟು ವರ್ಷ ಎಳೆಸಿಕೊಂಡ ಪಾಡನ್ನು ಕಂಡು ಕಣ್ಣಲ್ಲಿ ನೀರು ತಂದುಕೊಂಡು ಹಿಂದಿರುಗಿದನೆಂದು ಬೀದಿಯಲ್ಲಿ ಪ್ರತೀತಿ ಇದೆ. ಇದನ್ನು ಹಬ್ಬಿಸಿದವನು ಎದುರುಮನೆಯ ದರ್ಜಿ. ಆದ್ದರಿಂದ ಅರ್ಧ ಮಾತ್ರ ನಂಬಬಹುದು.

ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವರು. ಉತ್ತರಪತ್ರಿಕೆಯ ಅಂಕ ಕೂಡುವುದು ಮೂರು ಸಲ, ಗ್ಯಾಸಿನ ಗುಂಡಿ ಮುಟ್ಟುವುದು ಮೂರು ಸಲ, ಬಸ್ಸು ಹತ್ತುವ ಮುಂಚೆ ಬೋರ್ಡು ಓದುವುದು ಮೂರು ಸಲ. ಮೂರನೆಯ ಸಲಕ್ಕೆ ಬಸ್ಸು ಹೋಗಿರುತ್ತದೆ, ಅದು ಬೇರೆ ಮಾತು. ಮದುವೆಯ ದಿನ ನೋಂದಣಿ ಪುಸ್ತಕಕ್ಕೆ ಸಹಿ ಹಾಕುವ ಮುನ್ನ ವಧುವಿನ ಹೆಸರನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ ವರ ಭೂಮಂಡಲದಲ್ಲಿ ಇವರೊಬ್ಬರೇ. ಮೂರನೆಯ ಸಲ ಕೇಳಿದಾಗ ವಧುವಿನ ತಂದೆ ಪೆನ್ನಿಗೆ ಮುಚ್ಚಳ ಹಾಕಿ, ಬಹಳ ವಿನಯದಿಂದ ಕೇಳಿದ್ದರು:

"ಅಳಿಯಂದಿರೇ, ಬೇರೆ ಯಾವ್ದಾದ್ರೂ ಹೆಸರು ಮನಸ್ಸಲ್ಲಿದ್ಯಾ?"

ಅಂದು ಮಾವನ ಕಣ್ಣಿನಲ್ಲಿ ಕೆಳಗಿಳಿದ ಮೇಷ್ಟ್ರು ಇಪ್ಪತ್ತನಾಲ್ಕು ವರ್ಷವಾದರೂ ಮೇಲೆ ಹತ್ತಿರಲಿಲ್ಲ.

ಮಾವನವರು ಸಾಮಾನ್ಯರಲ್ಲ. ಒಬ್ಬರೇ ಡಾಕ್ಟರ ಬಳಿ, ಒಂದೇ ಕಾರನ್ನು, ಮೂವತ್ತೊಂದು ವರ್ಷ, ಒಂದೇ ಒಂದು ಗೀರು ಬೀಳದಂತೆ ಓಡಿಸಿ ನಿವೃತ್ತರಾದ ಡ್ರೈವರ್. ಈಗ ಮಗಳ ಮನೆಯ ಮುಂದಿನ ಕೋಣೆಯಲ್ಲಿ ವಾಸ. ಅಳಿಯನನ್ನು ಎಂದೂ ಬೈದವರಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! ಅಳಿಯ ಒಂದು ದಿನವೆಲ್ಲ ಬೆವರು ಸುರಿಸಿ ಗೋಡೆಗೆ ಹಲಗೆ ಹೊಡೆದರೆ, ಮಾವ ಬಂದು ನೋಡುವರು, ತಲೆಯಾಡಿಸುವರು, ಅದರ ಮೇಲಿಟ್ಟಿದ್ದ ತಮ್ಮ ರೇಡಿಯೋವನ್ನು ಮೆಲ್ಲನೆ ಎತ್ತಿ ನೆಲದ ಮೇಲೆ ಇಟ್ಟುಕೊಳ್ಳುವರು. ಅಷ್ಟೇ. ಆ ಮೌನಕ್ಕೆ ಮೇಷ್ಟ್ರ ಜೀವ ಹಿಡಿಯಷ್ಟಾಗುತ್ತಿತ್ತು. ಒಂದೇ ಒಂದು ಸಲ ಮಾವನ ಬಾಯಿಂದ ತನ್ನ ಕೆಲಸಕ್ಕೆ ಒಂದು ಒಳ್ಳೆಯ ಮಾತು ಬೀಳಬೇಕು! ಮೇಷ್ಟ್ರ ಬದುಕಿನ ಗುರಿ ಈಗ ಇಷ್ಟಕ್ಕೆ ಬಂದು ನಿಂತಿತ್ತು.

ಅವಕಾಶ ತಾನಾಗಿ ಬಂತು. ಮಾವನಿಗೆ ಎಂಬತ್ತು ತುಂಬಿತೆಂದು ನಿವೃತ್ತ ಚಾಲಕರ ಸಂಘದವರು ಭಾನುವಾರ ಸಂಜೆ ಐದಕ್ಕೆ ಸನ್ಮಾನ ಇಟ್ಟುಕೊಂಡರು. ಮೇಷ್ಟ್ರ ತಲೆಯಲ್ಲಿ ಮಿಂಚು ಹೊಡೆಯಿತು. ಎಲ್ಲೆಲ್ಲೋ ಹುಡುಕಿ, ಯಾರ್ಯಾರನ್ನೋ ಕಾಡಿ, ಡಾಕ್ಟರ ಕಾರಿನ ಜಾತಿಯದೇ ಇನ್ನೊಂದು ಹಳೆಯ ಕಾರನ್ನು ಕೊಂಡು ಅಂಗಳಕ್ಕೆ ತಂದು ನಿಲ್ಲಿಸಿಯೇಬಿಟ್ಟರು. ಕಡುಹಸಿರು ಬಣ್ಣ, ಉಬ್ಬುಗಣ್ಣು, ಮೇಷ್ಟ್ರಿಗಿಂತ ಹತ್ತು ವರ್ಷ ದೊಡ್ಡದು.

"ಮಾವ! ಮೂವತ್ತೊಂದು ವರ್ಷ ಮುಂದೆ ಕೂತು ಬೇರೆಯವರನ್ನ ಕರ್ಕೊಂಡು ಹೋದ್ರಿ. ಈ ಭಾನುವಾರ ನೀವು ಹಿಂದಿನ ಸೀಟು! ಮಾಲೀಕರ ಥರ! ಡ್ರೈವರ್ ನಾನು!"

ಮಾವ ಕಾರನ್ನು ನೋಡಿದರು. ಅಳಿಯನನ್ನು ನೋಡಿದರು. ಮೂಗು ಸ್ವಲ್ಪ ಮೇಲೆತ್ತಿದರು.

"ಪೆಟ್ರೋಲ್ ವಾಸನೆ ಬರ್ತಿದೆ," ಎಂದು ಒಳಗೆ ಹೋದರು.

ಮೇಷ್ಟ್ರಿಗೆ ಅವತ್ತಿನಿಂದ ನಿದ್ದೆ ಹಾರಿತು. ವಾಸನೆ ಅಂದರೆ ಸೋರಿಕೆ, ಸೋರಿಕೆ ಅಂದರೆ ಬೆಂಕಿ, ಬೆಂಕಿ ಅಂದರೆ ನಾಳೆಯ ಪತ್ರಿಕೆಯಲ್ಲಿ 'ಅಳಿಯನ ಅಜಾಗರೂಕತೆ' ಎಂಬ ಶೀರ್ಷಿಕೆ! ಆ ಶೀರ್ಷಿಕೆಯ ಅಕ್ಷರಗಳ ಗಾತ್ರ ಕೂಡ ಅವರ ಕಣ್ಣಿಗೆ ಕಟ್ಟಿತು.

ಹೆಂಡತಿ ಬೇರೆ ಆ ಬೆಂಕಿಗೆ ತುಪ್ಪ ಸುರಿದಳು. ಆಕೆ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್. ಬೀದಿಯೆಲ್ಲ ಆಕೆಯನ್ನು ಸಿಸ್ಟರ್ ಎನ್ನುತ್ತದೆ. ತೀರಾ ಗಾಬರಿಯಾದಾಗ ಮೇಷ್ಟ್ರೂ ಹಾಗೇ ಕರೆದುಬಿಡುವುದುಂಟು.

"ನೋಡ್ರಿ, ಅಪ್ಪನ್ನ ಇದರಲ್ಲಿ ಕೂರಿಸ್ಬೇಕಾದ್ರೆ ಒಂದು ಹನಿ ಕೂಡ ಸೋರಬಾರ್ದು. ಟ್ಯಾಂಕಿಂದ ಎಂಜಿನ್‌ವರೆಗೂ ಎಲ್ಲಾ ಚೆಕ್ ಮಾಡಿ ನನಗೆ ತೋರಿಸ್ಬೇಕು. ಇಲ್ದಿದ್ರೆ ಟ್ಯಾಕ್ಸಿ."

"ಟ್ಯಾಕ್ಸಿನಾ! ನಲವತ್ತು ಜನ ಹಳೇ ಡ್ರೈವರ್‌ಗಳ ಎದುರು ನಿಮ್ಮಪ್ಪ ಟ್ಯಾಕ್ಸಿಯಿಂದ ಇಳಿಯೋದಾ?"

"ಇಳಿಯೋದು ಮುಖ್ಯ ಕಣ್ರೀ. ಸ್ಟ್ರೆಚರ್‌ನಲ್ಲಿ ಇಳಿಸಿಕೊಳ್ಳೋದನ್ನ ನಾನು ದಿನಾ ನೋಡ್ತೀನಿ."

"ನಾನು ಚೆಕ್ ಮಾಡಿದ್ಮೇಲೆ ಮುಗೀತು! ನನ್ನ ಕೈಯಿಂದ ಇವತ್ತಿನವರೆಗೆ ಒಂದು ತಪ್ಪು ತಪ್ಪಿಸ್ಕೊಂಡಿದ್ಯಾ?"

"ಬಸ್ಸುಗಳು ತಪ್ಪಿಸ್ಕೊಂಡಿವೆ," ಎಂದಳು ಸಿಸ್ಟರ್.

ಹೀಗೆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಇಂಧನ ಮಹಾಪರೀಕ್ಷೆ ಶುರುವಾಯಿತು. ಅಂಗಳದಲ್ಲಿ ಎರಡು ಬಕೆಟ್ ಮರಳು, ಒಂದು ಒದ್ದೆ ಕಂಬಳಿ, ಆಸ್ಪತ್ರೆಯ ಹಳೆಯ ಏಪ್ರನ್ ತೊಟ್ಟ ಮೇಷ್ಟ್ರು. ಮನೆಯ ಒಲೆಗೆ ನಿಷೇಧಾಜ್ಞೆ. ಬೆಂಕಿಪೊಟ್ಟಣಗಳು ಬೀರುವಿನೊಳಗೆ ಸೆರೆಯಾದವು. ಕಾಫಿ ಕೇಳಿದ ಮಾವನಿಗೆ ತಣ್ಣೀರು ಸಿಕ್ಕಿತು. ಅವರು ಅದನ್ನು ಕುಡಿದು, ಜಗಲಿಯ ಕುರ್ಚಿಯಲ್ಲಿ ಪತ್ರಿಕೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು.

ಆ ಕಾಲದ ಕಾರುಗಳಲ್ಲಿ ಪೆಟ್ರೋಲಿನ ದಾರಿ ಬಹಳ ಸರಳ. ಬಾನೆಟ್ಟಿನ ಕೆಳಗೆ, ಎತ್ತರದಲ್ಲಿ, ಟ್ಯಾಂಕು. ಅದರ ಬುಡದಿಂದ ಡ್ರೈವರನ ಮೊಣಕಾಲಿನ ಬಳಿಗೆ ಇಳಿದು ಬರುವ ಒಂದು ಹಿತ್ತಾಳೆಯ ನಲ್ಲಿ. ನಲ್ಲಿಯಿಂದ ತೆಳ್ಳನೆಯ ಪೈಪು, ಪೈಪಿನಿಂದ ಕಸ ಸೋಸುವ ಗಾಜಿನ ಬಟ್ಟಲು, ಬಟ್ಟಲಿನಿಂದ ಎಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬುರೇಟರು. ಪಂಪು ಗಿಂಪು ಏನೂ ಇಲ್ಲ. ಪೆಟ್ರೋಲು ತನ್ನ ಭಾರಕ್ಕೆ ತಾನೇ ಇಳಿದು ಬರಬೇಕು. ದ್ರವವು ಎತ್ತರದಿಂದ ತಗ್ಗಿಗೆ ಹರಿಯುತ್ತದೆಂದು ಇಪ್ಪತ್ತಾರು ವರ್ಷದಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತ ಬಂದವರಿಗೆ ಇದಕ್ಕಿಂತ ಸುಲಭದ ಪಾಠ ಇನ್ನೇನಿದೆ?

ಕಷ್ಟವಿದ್ದದ್ದು ನಲ್ಲಿಯಲ್ಲಿ ಮಾತ್ರ. ಅದರ ಹಿಡಿ ಅರ್ಧ ಸುತ್ತು ತಿರುಗಿದರೆ ತೆರೆಯುತ್ತದೆ, ಇನ್ನರ್ಧ ಸುತ್ತಿಗೆ ಮುಚ್ಚುತ್ತದೆ. ಯಾವ ಕಡೆ ಯಾವುದೆಂದು ಕೊರೆದಿದ್ದ ಅಕ್ಷರಗಳು ಎಷ್ಟೋ ಬೆರಳುಗಳಿಗೆ ಸವೆದು ನುಣ್ಣಗಾಗಿದ್ದವು. ಹಿಡಿಯ ಎರಡು ಕಿವಿಗಳೂ ಅವಳಿಜವಳಿ. ನೋಡಿದರೆ ತಿಳಿಯದು. ಪೈಪು ಬಿಚ್ಚಿ, ಪೆಟ್ರೋಲು ಬಂದರೆ ತೆರೆದಿದೆ, ಬಾರದಿದ್ದರೆ ಮುಚ್ಚಿದೆ ಎಂದುಕೊಳ್ಳಬೇಕು. ಪೈಪು ಬಿಚ್ಚಿದರೆ ನಾಲ್ಕು ಹನಿ ನೆಲಕ್ಕೆ ಬೀಳುತ್ತದೆ. ಹನಿ ಬಿದ್ದರೆ ವಾಸನೆ. ವಾಸನೆ ಬಂದರೆ ಅಡುಗೆಮನೆಯ ಕಿಟಕಿಯಿಂದ ಧ್ವನಿ:

"ರೀ! ಮತ್ತೆ ಸೋರ್ತಿದೆ!"

"ಇದು ಸೋರಿಕೆ ಅಲ್ಲ ಕಣೇ! ಇದು ಪರೀಕ್ಷೆ!"

"ವಾಸನೆ ಎರಡಕ್ಕೂ ಒಂದೇ!"

ಮತ್ತೆ ಮೊದಲಿಂದ ಪರೀಕ್ಷೆ.

ಸೋರಿಕೆ ಹಿಡಿಯಲು ಮೇಷ್ಟ್ರು ತಮ್ಮ ವೃತ್ತಿಯ ದಿವ್ಯಾಸ್ತ್ರವನ್ನು ಹೊರತೆಗೆದರು. ಸೀಮೆಸುಣ್ಣ! ಒಂದು ಪೆಟ್ಟಿಗೆ ಸೀಮೆಸುಣ್ಣ ಕುಟ್ಟಿ ಪುಡಿ ಮಾಡಿ, ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಕೀಲು ಕೀಲಿಗೂ ಬಳಿದರು. ಎಲ್ಲಿ ಪುಡಿ ಒದ್ದೆಯಾಗುತ್ತದೋ ಅಲ್ಲಿ ಕಳ್ಳ! ಐದು ನಿಮಿಷದಲ್ಲಿ ಗಾಜಿನ ಬಟ್ಟಲಿನ ಕೆಳಗೆ ಪುಡಿ ಕಪ್ಪಗಾಯಿತು. ಬಟ್ಟಲಿನ ಕಾರ್ಕ್ ಬಳೆ ಒಣಗಿ ಬಿರುಕು ಬಿಟ್ಟಿತ್ತು. ಹೊಸದನ್ನು ಹಾಕಿ, ಬಿಗಿದು, ಮತ್ತೆ ಪುಡಿ ಬಳಿದರು. ಒಣಗಿಯೇ ಉಳಿಯಿತು! ನಿಜ ಹೇಳಬೇಕೆಂದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಬೇರೆ ಯಾರಾದರೂ ಆಗಿದ್ದರೆ ಕೈ ತೊಳೆದು ಊಟಕ್ಕೆ ಕೂರುತ್ತಿದ್ದರು.

ಮೇಷ್ಟ್ರಿಗೆ ಇದು ಮೊದಲನೆಯ ಸಲ ಮಾತ್ರ.

ಎರಡನೆಯ ಸಲಕ್ಕೆ ಟ್ಯಾಂಕಿನ ಪೆಟ್ರೋಲನ್ನೆಲ್ಲ ಕೆಳಗಿಳಿಸಿ ಒಳಗೆ ತುಕ್ಕು ಇದೆಯೇ ಎಂದು ಟಾರ್ಚು ಬಿಟ್ಟು ನೋಡಿದರು. ಇಳಿಸಿದ ಪೆಟ್ರೋಲು ಡಬ್ಬದಲ್ಲಿ ಹಿಡಿಸದೆ ಹಾಲಿನ ಪಾತ್ರೆಗೆ, ಅಲ್ಲಿಂದ ನೀರಿನ ಜಗ್ಗಿಗೆ, ಅಲ್ಲಿಂದ ಮಾವ ಬಿಸಿನೀರು ತುಂಬಿಸಿಕೊಳ್ಳುವ ಫ್ಲಾಸ್ಕಿಗೆ ನುಗ್ಗಿತು.

"ಅಯ್ಯೋ, ಅಪ್ಪನ ಫ್ಲಾಸ್ಕು!" ಸಿಸ್ಟರ್ ಹಣೆ ಚಚ್ಚಿಕೊಂಡಳು.

ಜಗಲಿಯಲ್ಲಿ ಪತ್ರಿಕೆ ಒಂದಿಂಚು ಮೇಲೇರಿತು.

ಅಷ್ಟರಲ್ಲಿ ಮೇಷ್ಟ್ರ ಕಣ್ಣಿಗೆ ಎದುರುಮನೆಯ ಕಿಟಕಿಯಲ್ಲಿ ಹೊಗೆಯಾಡಿದಂತೆ ಕಂಡಿತು. ದರ್ಜಿ ಇಸ್ತ್ರಿ ಮಾಡುತ್ತಿದ್ದಾನೆ! ಕಾದ ಕಬ್ಬಿಣ! ಅದೂ ಪೆಟ್ರೋಲು ತುಂಬಿದ ನಾಲ್ಕು ಪಾತ್ರೆಗಳಿಗೆ ಮೂವತ್ತು ಅಡಿ ದೂರದಲ್ಲಿ! ಮೇಷ್ಟ್ರು ಏಪ್ರನ್ನಿನಲ್ಲೇ ಬೀದಿ ದಾಟಿ ಓಡಿದರು.

"ಆರಿಸ್ರೀ! ಇಸ್ತ್ರಿ ಆರಿಸ್ರೀ! ಬೀದಿ ಹಾರಿಹೋಗುತ್ತೆ!"

ದರ್ಜಿ ಬೆಚ್ಚಿ ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತ. "ಏನ್ ಮೇಷ್ಟ್ರೇ, ಒಂದೇ ಒಂದು ತೋಳು ಬಾಕಿ ಇತ್ತು."

"ತೋಳು ಮುಖ್ಯನೋ, ಪ್ರಾಣ ಮುಖ್ಯನೋ?"

"ನಿಮ್ಮ ಮಾವನ ಕೋಟು ಇದು. ಸಂಜೆ ಸನ್ಮಾನಕ್ಕೆ ಅಂತ ಸಿಸ್ಟರ್ ಕೊಟ್ಟಿದ್ರು. ಎಡಗೈ ಹೀಗೇ ಇರ್ಲಾ?"

ಎಡತೋಳು ಹಾಗೇ ಇತ್ತು. ಬಲಗಡೆ ಗರಿಗರಿ, ಎಡಗಡೆ ಹಿಂಡಿದ ಬಟ್ಟೆ. ಮಾವ ಅದನ್ನು ಹಾಕಿಕೊಂಡು ಕನ್ನಡಿ ನೋಡಿದರು. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಮಧ್ಯಾಹ್ನ ಒಣ ಬ್ರೆಡ್ಡು, ಬಾಳೆಹಣ್ಣು. ಮೂರನೆಯ ಪರೀಕ್ಷೆಗೆ ಪೆಟ್ರೋಲು ವಾಪಸು ತುಂಬಿ, ಎಲ್ಲ ಕೀಲು ಬಿಗಿದು, ಎಂಜಿನ್ನನ್ನು ಅರ್ಧ ಗಂಟೆ ಓಡಿಸಿ, ಸೀಮೆಸುಣ್ಣದ ಪುಡಿಯನ್ನು ಭೂತಕನ್ನಡಿ ಹಿಡಿದು ನೋಡಿದರು. ಬಿಳಿ! ಎಲ್ಲೆಲ್ಲೂ ಬಿಳಿ! ಸಿಸ್ಟರ್ ಕೂಡ ಬಗ್ಗಿ ಮೂಗಿಟ್ಟು ಮೂಸಿ, "ಪರವಾಗಿಲ್ಲ, ಡಿಸ್ಚಾರ್ಜ್ ಮಾಡಬಹುದು," ಎಂದು ಅಪ್ಪಣೆ ಕೊಟ್ಟಳು.

ನಾಲ್ಕು ಗಂಟೆಗೆ ಸವಾರಿ ಸಿದ್ಧ. ಮಾವ ಹಿಂದಿನ ಸೀಟಿನ ನಟ್ಟನಡುವೆ, ಎಡಗೈ ಬೆನ್ನ ಹಿಂದೆ. ಪಕ್ಕದಲ್ಲಿ ಮಗಳು. ಮುಂದೆ ಮೇಷ್ಟ್ರು. ಕೀಲಿ ತಿರುಗಿಸಬೇಕು ಅನ್ನುವಷ್ಟರಲ್ಲಿ ಅನುಮಾನ ತಲೆಯೆತ್ತಿತು. ನಲ್ಲಿ ಬಿಗಿಯಾಗಿ ಕೂತಿದೆಯೋ? ತಿರುಗಿಸುವಾಗ ಅದರ ಕತ್ತಿನ ಸುತ್ತ ಜಿನುಗಿದರೆ? ಬಗ್ಗಿ, ಹಿಡಿಯನ್ನು ತಿರುಗಿಸಿ, ಬೆರಳಿಂದ ಕತ್ತು ಸವರಿ ನೋಡಿದರು. ಒಣಗಿದೆ. ಮತ್ತೆ ತಿರುಗಿಸಿ ಸವರಿದರು. ಒಣಗಿದೆ. ಮತ್ತೊಮ್ಮೆ. ಒಣಗಿದೆ! ಟಕ್, ಟಕ್, ಟಕ್. ಅರ್ಧರ್ಧ ಸುತ್ತಿನಂತೆ ಸರಿಯಾಗಿ ಮೂರು. ಮನಸ್ಸಿಗೆ ನೆಮ್ಮದಿಯಾಯಿತು.

ಹಿಂದಿನ ಸೀಟಿನಿಂದ ಮಾವ ಒಮ್ಮೆ ಕೆಮ್ಮಿದರು. ಧೂಳಿರಬೇಕು ಎಂದುಕೊಂಡು ಮೇಷ್ಟ್ರು ಕಿಟಕಿ ಏರಿಸಿದರು.

ಕಾರು ಹೊರಟಿತು! ಏನು ಗಾಂಭೀರ್ಯ! ಏನು ಠೀವಿ! ದರ್ಜಿ ಬಾಗಿಲಲ್ಲಿ ನಿಂತು ಸಲಾಮು ಹೊಡೆದ. ಔಷಧಿ ಅಂಗಡಿ ದಾಟಿತು, ಗ್ರಂಥಾಲಯ ದಾಟಿತು. ಮೇಷ್ಟ್ರು ಕನ್ನಡಿಯಲ್ಲಿ ಮಾವನ ಮುಖ ನೋಡುತ್ತ ಒಂದು ಮುಗುಳ್ನಗೆಗಾಗಿ ಕಾದರು. ಮಾವ ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುತ್ತಿದ್ದರು. ನಾಲ್ಕು ರಸ್ತೆ ಕೂಡುವಲ್ಲಿ ಕಾರು ಒಮ್ಮೆ ಬಿಕ್ಕಿತು. ಎರಡು ಸಲ ಸೀನಿತು. ಆಮೇಲೆ ನಿಟ್ಟುಸಿರು ಬಿಟ್ಟು ನಿಂತುಬಿಟ್ಟಿತು.

ನಿಂತದ್ದಾದರೂ ಎಲ್ಲಿ? ಪೆಟ್ರೋಲ್ ಬಂಕಿನ ಎದುರಿಗೆ!

ಬಂಕಿನ ನೌಕರ ಪೈಪು ಹಿಡಿದುಕೊಂಡೇ ಕೂಗಿದ. "ಪೆಟ್ರೋಲ್ ಖಾಲಿನಾ ಸಾರ್? ಸ್ವಲ್ಪ ತಳ್ಳಿ, ಹಾಕ್ತೀನಿ!"

"ಟ್ಯಾಂಕ್ ತುಂಬಿದೆ ರೀ!"

"ತುಂಬಿದ್ರೆ ಯಾಕೆ ನಿಂತಿದೆ?"

ಮೇಷ್ಟ್ರು ಏಳೆಂಟು ಸಲ ಕೀಲಿ ತಿರುಗಿಸಿದರು. ಕಾರು ಬರೀ ಗೊಣಗಿತು. ಬಾನೆಟ್ ಎತ್ತಿ ಸ್ಪ್ಯಾನರ್ ಹಿಡಿದದ್ದೇ ತಡ, ನೌಕರ ಹೌಹಾರಿ ಓಡಿಬಂದ.

"ಇಲ್ಲಿ ಬಿಚ್ಚಬೇಡಿ ಸಾರ್! ಪುಣ್ಯ ಬರುತ್ತೆ, ಅಲ್ಲಿ ಮರದ ಹತ್ರ ಹೋಗಿ! ಇಲ್ಲಿ ಏನಾದ್ರೂ ಆದ್ರೆ ನಾನು, ನೀವು, ಅಜ್ಜ, ಎಲ್ಲಾ ಒಟ್ಟಿಗೇ!"

ಮೇಷ್ಟ್ರು ಬಾಗಿಲ ಕಂಬಕ್ಕೆ ಹೆಗಲು ಕೊಟ್ಟರು. ಸಿಸ್ಟರ್ ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ತಳ್ಳಿದಳು. ಮಾವ ಇಳಿಯಹೋದರೆ, "ನೀವು ಇಳೀಬೇಡಿ ಮಾವ! ಇವತ್ತು ನೀವು ಮಾಲೀಕರು!" ಎಂದು ಮೇಷ್ಟ್ರು ಕಿರುಚಿದರು. ಮಾಲೀಕರನ್ನು ಒಳಗಿಟ್ಟುಕೊಂಡೇ ಕಾರು ಐವತ್ತು ಮಾರು ಉರುಳಿ ಮರದ ಕೆಳಗೆ ನಿಂತಿತು. ಗಂಟೆ ನಾಲ್ಕು ಹದಿನೆಂಟು.

ಆಮೇಲೆ ನಡೆದದ್ದು ಶಸ್ತ್ರಚಿಕಿತ್ಸೆ. ಕಾರ್ಬುರೇಟರ್ ಬಿಚ್ಚಿದರು, ಒಳಗೆ ಒಂದು ಹನಿ ಇಲ್ಲ. ಗಾಜಿನ ಬಟ್ಟಲು ಬಿಚ್ಚಿದರು, ಖಾಲಿ. ಪೈಪು ಬಿಚ್ಚಿದರು, ಮರುಭೂಮಿ. ಟ್ಯಾಂಕಿನ ಮುಚ್ಚಳ ತೆಗೆದರೆ ಪೆಟ್ರೋಲು ತುಂಬಿ ತುಳುಕುತ್ತಿದೆ! ಮೇಲೆ ಸಮುದ್ರ, ಕೆಳಗೆ ಬರ! ಮೇಷ್ಟ್ರ ಬೆನ್ನಲ್ಲಿ ಬೆವರು ಧಾರೆಯಾಗಿ ಇಳಿಯಿತು. ಆ ಕ್ಷಣಕ್ಕೆ ಎತ್ತರದಿಂದ ತಗ್ಗಿಗೆ ಹರಿಯುತ್ತಿದ್ದ ದ್ರವ ಅದೊಂದೇ.

"ನಾನೊಂದು ಹೇಳ್ಲಾ?" ಎಂದಳು ಸಿಸ್ಟರ್.

"ಬೇಡ."

"ವಾರ್ಡಲ್ಲಿ ಬಾಟಲು ತುಂಬಿದ್ದು ಡ್ರಿಪ್ ಇಳೀತಿಲ್ಲ ಅಂದ್ರೆ, ನಾವು ಮೊದಲು ನೋಡೋದು ಕ್ಲಿಪ್ ಬಿಚ್ಚಿದೀವಾ ಅಂತ. ಹತ್ತರಲ್ಲಿ ಒಂಬತ್ತು ಸಲ ಅದೇ."

"ಇದು ನಿನ್ನ ವಾರ್ಡ್ ಅಲ್ಲ ಕಣೇ! ನಲ್ಲಿನ ನಾನು ಹೊರಡೋ ಮುಂಚೆ ಒಂದಲ್ಲ, ಎರಡಲ್ಲ, ಮೂರು ಸಲ ನೋಡಿದೀನಿ! ಪೈಪಲ್ಲಿ ಕಸ ಕಟ್ಟಿದೆ, ಅಷ್ಟೇ."

ಪೈಪಿನ ತುದಿಗೆ ಬಾಯಿಟ್ಟು ಊದಿದರು. ಪೈಪು ಸ್ವಚ್ಛವಾಗಿ ಸಿಳ್ಳೆ ಹಾಕಿತು. ಕಸವಿಲ್ಲ. ಅದನ್ನು ನಲ್ಲಿಗೆ ಸಿಕ್ಕಿಸಿ ಇನ್ನೊಂದು ತುದಿಯಿಂದ ಊದಿದರು. ಕೆನ್ನೆ ಬಲೂನಿನಂತೆ ಉಬ್ಬಿ, ಕಣ್ಣುಗುಡ್ಡೆ ಹೊರಗೆ ಬಂತೇ ಹೊರತು ಗಾಳಿ ಒಂದಂಗುಲ ಮುಂದೆ ಹೋಗಲಿಲ್ಲ. ಇದೇನು ಮಾಯೆ? ನಾಲ್ಕು ನಲವತ್ತು! ಅಷ್ಟು ಹೊತ್ತಿಗೆ ಸಂಘದ ಬಾಗಿಲಲ್ಲಿ ನಲವತ್ತು ಡ್ರೈವರ್‌ಗಳು ಹೂಗುಚ್ಛ ಹಿಡಿದು ರಸ್ತೆ ನೋಡುತ್ತಿರುತ್ತಾರೆ. 'ನಮ್ಮ ಹಿರಿಯರ ಅಳಿಯನಂತೆ, ರಸ್ತೆ ಮಧ್ಯ ಬಿಟ್ಟನಂತೆ' ಎಂದು ನಾಳೆ ನಲವತ್ತು ಮನೆಗಳಲ್ಲಿ ಮಾತಾಗುತ್ತದೆ. ಮಾವ ಮಾತ್ರ ಏನೂ ಹೇಳುವುದಿಲ್ಲ. ಅದನ್ನು ನೆನೆದೇ ಮೇಷ್ಟ್ರು ಮತ್ತೆ ಸ್ಪ್ಯಾನರ್ ಎತ್ತಿಕೊಂಡರು.

ಬಿಚ್ಚಿದ್ದೆಲ್ಲವನ್ನೂ ಜೋಡಿಸಿದರು. ಕಾರ್ಬುರೇಟರು, ಬಟ್ಟಲು, ಕಾರ್ಕ್ ಬಳೆ, ಪೈಪು, ತಿರುಪುಗಳು. ಕೀಲಿ ತಿರುಗಿಸಿದರು. ಗೊಣಗು. ಇನ್ನೊಮ್ಮೆ. ಗೊಣಗು.

ಸಿಸ್ಟರ್ ಕಿಟಕಿಯೊಳಗೆ ತಲೆ ಹಾಕಿದಳು. "ಅಪ್ಪಾ, ನಿಮಗೆ ಗೊತ್ತಿದೆ. ಆವಾಗ್ಲಿಂದ ನಿಮ್ಮ ಮುಖ ನೋಡ್ತಿದೀನಿ, ಗೊತ್ತಿದೆ ನಿಮಗೆ!"

ಮಾವ ಕಿಟಕಿಯಿಂದಾಚೆ ನೋಡಿದರು. "ಹಿಂದೆ ಕೂತವರು ಓಡಿಸೋರಿಗೆ ಹೇಳಬಾರ್ದಮ್ಮ. ಡಾಕ್ಟ್ರು ಮೂವತ್ತೊಂದು ವರ್ಷ ನನಗೆ ಒಂದು ಮಾತು ಹೇಳ್ಲಿಲ್ಲ. ಒಂದ್ಸಲ ಒಂದು ಕಡೆ ಅಂತ ಇನ್ನೊಂದು ಕಡೆ ಕರ್ಕೊಂಡು ಹೋಗಿಬಿಟ್ಟೆ. ಆಗ್ಲೂ ಹೇಳ್ಲಿಲ್ಲ. ಅಲ್ಲೇ ಇಳಿದು ಯಾರಿಗೋ ಔಷಧಿ ಕೊಟ್ಟು ಬಂದ್ರು. ಅದು ನಮ್ಮ ಕಸುಬಿನ ಮರ್ಯಾದೆ."

"ಮಾವ, ದಯವಿಟ್ಟು ಹೇಳಿ," ಎಂದರು ಮೇಷ್ಟ್ರು. ಧ್ವನಿ ಅಳುವ ಅಂಚಿಗೆ ಬಂದಿತ್ತು.

"ಹಿಂದಿನ ಸೀಟಿನಿಂದ ನನಗೆ ಆಗಲ್ಲ ಅಳಿಯಂದಿರೇ."

ಸಿಸ್ಟರ್ ಹಟಮಾರಿ ರೋಗಿಗಳನ್ನು ಮೂವತ್ತು ವರ್ಷ ಪಳಗಿಸಿದವಳು. ಹಿಂದಿನ ಬಾಗಿಲು ತೆರೆದಳು, ಅಪ್ಪನ ರಟ್ಟೆ ಹಿಡಿದು ಇಳಿಸಿದಳು, ಮುಂದಿನ ಬಾಗಿಲು ತೆರೆದಳು, ಸ್ಟಿಯರಿಂಗ್ ಹಿಂದೆ ಕೂರಿಸಿದಳು. "ಈಗ ನೀವು ಹಿಂದೆ ಇಲ್ವಲ್ಲ. ರೀ, ನೀವು ಹೋಗಿ ಹಿಂದೆ ಕೂತ್ಕೊಳ್ಳಿ."

ಮಾವನ ಬೆನ್ನ ಹಿಂದಿದ್ದ ಎಡಗೈ ಮುಂದೆ ಬಂತು. ಸುಕ್ಕು ತೋಳು ಸ್ಟಿಯರಿಂಗ್ ಹಿಡಿಯಿತು. ಬಲಗೈ ತಾನಾಗಿ ಮೊಣಕಾಲಿನ ಬಳಿಗೆ ಇಳಿಯಿತು.

ಟಕ್.

ಕಣ್ಣು ಮುಚ್ಚಿ ತುಟಿಯಲ್ಲೇ ಇಪ್ಪತ್ತು ಎಣಿಸಿದರು, ಬಟ್ಟಲು ತುಂಬಲೆಂದು. ಕೀಲಿ ತಿರುಗಿಸಿದರು. ಮೊದಲ ಸಲಕ್ಕೇ ಎಂಜಿನ್ನು ಹಾಡಿತು!

ಮೇಷ್ಟ್ರಿಗೆ ಹಿಂದಿನ ಸೀಟಿನಲ್ಲಿ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೂರು ಅರ್ಧ ಸುತ್ತು! ತೆರೆದದ್ದು ಮುಚ್ಚಿ, ಮುಚ್ಚಿದ್ದು ತೆರೆದು, ತೆರೆದದ್ದನ್ನು ಮತ್ತೆ ಮುಚ್ಚಿ! ಏಳನೇ ತರಗತಿಯ ಲೆಕ್ಕ! ಕಾರ್ಬುರೇಟರಿನಲ್ಲಿದ್ದ ಒಂದು ಲೋಟ ಪೆಟ್ರೋಲಿನಲ್ಲಿ ಮಾವನನ್ನು ಮೆರವಣಿಗೆ ಹೊರಡಿಸಿದ್ದರು! ಸಿಸ್ಟರ್ ಪಕ್ಕದಲ್ಲಿ ಕೂತು ಏನೂ ಹೇಳಲಿಲ್ಲ. ಕೈಚೀಲದಿಂದ ಹತ್ತಿ ತೆಗೆದು ಗಂಡನ ತುಟಿಗೆ ಹತ್ತಿದ್ದ ಮಸಿ ಒರೆಸಿದಳು. ಸಂಸಾರದಲ್ಲಿ ಇದಕ್ಕಿಂತ ಘೋರ ಶಿಕ್ಷೆ ಇಲ್ಲ.

ದಾರಿಯುದ್ದಕ್ಕೂ ಮೇಷ್ಟ್ರು ಮಾನ ಉಳಿಸಿಕೊಳ್ಳುವ ಸಮಜಾಯಿಷಿ ಕಟ್ಟುತ್ತ ಬಂದರು. ಸಂಘದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಬಿಸಿಲಿಗೆ ಪೈಪಿನೊಳಗಿನ ಪೆಟ್ರೋಲು ಆವಿಯಾಗಿ ಹರಿವನ್ನು ತಡೆಯಿತು, ವಾಯುವಿನ ಒತ್ತಡದ ವ್ಯತ್ಯಾಸದಿಂದ... ಇಪ್ಪತ್ತು ನಿಮಿಷದ ಪಾಠ, ಚಿತ್ರ ಸಮೇತ, ತಲೆಯಲ್ಲಿ ಸಿದ್ಧವಾಯಿತು. ಮುಂದೆ ಮಾವ ಗೇರು ಬದಲಿಸುವ ಸೊಗಸನ್ನು ನೋಡುವ ಧೈರ್ಯ ಮಾತ್ರ ಅವರಿಗಿರಲಿಲ್ಲ.

ಐದು ಹತ್ತಕ್ಕೆ ಕಾರು ಸಂಘದ ಮುಂದೆ ನಿಂತಿತು. ನಲವತ್ತು ಹಳೆಯ ಡ್ರೈವರ್‌ಗಳು ಹಿಂದಿನ ಬಾಗಿಲಿಗೆ ನುಗ್ಗಿದರು. ಕಾರ್ಯದರ್ಶಿ ಬಾಗಿಲು ತೆರೆದು, ಬಗ್ಗಿ, ಹೂಗುಚ್ಛವನ್ನು ಮೇಷ್ಟ್ರ ಕೈಗಿತ್ತು, ಮುಖ ನೋಡಿ, ಕಿತ್ತುಕೊಂಡು, ಮುಂದಿನ ಬಾಗಿಲಿಗೆ ಓಡಿದರು. ಸ್ಟಿಯರಿಂಗ್ ಹಿಂದಿನಿಂದ ಎಂಬತ್ತರ ಮುದುಕ ಇಳಿದಾಗ ಎದ್ದ ಚಪ್ಪಾಳೆಗೆ ಎದುರಿನ ಮರದ ಕಾಗೆಗಳು ಹಾರಿದವು.

ಸನ್ಮಾನವಾಯಿತು. ಮಾವನಿಗೆ ಮಾತನಾಡಲು ಹೇಳಿದರು. ಅವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ನನಗೆ ಭಾಷಣ ಬರಲ್ಲ. ಇವತ್ತು ಹಿಂದಿನ ಸೀಟಲ್ಲಿ ಕೂತಿದ್ದೆ. ಕೈಕಾಲಿಗೆ ಕೆಲಸ ಇಲ್ದೆ ಜೋಮು ಹಿಡೀತು. ದಾರಿಲಿ ಕಾರು ನಿಂತ್ಹೋಯ್ತು. ನಮ್ಮ ಅಳಿಯಂದಿರು ಟ್ಯಾಂಕಿಂದ ಕಾರ್ಬುರೇಟರ್‌ವರೆಗೂ ರಸ್ತೆ ಪಕ್ಕದಲ್ಲೇ ಬಿಚ್ಚಿ, ಅರ್ಧ ಗಂಟೆಲೇ ಜೋಡಿಸಿದ್ರು. ಒಂದು ಸ್ಕ್ರೂ ಮಿಕ್ಕಲಿಲ್ಲ. ಒಂದು ಹನಿ ಸೋರಲಿಲ್ಲ. ಇಷ್ಟು ನೀಟಾದ ಕೆಲಸ ನಾನು ನನ್ನ ಸರ್ವೀಸಲ್ಲಿ ನೋಡಿಲ್ಲ." ಇಷ್ಟು ಹೇಳಿ ಕೂತುಬಿಟ್ಟರು.

ಮೇಷ್ಟ್ರ ಕಿವಿಯಲ್ಲಿ ಗುಯ್ ಎಂದಿತು. ಇಪ್ಪತ್ತನಾಲ್ಕು ವರ್ಷ! ಸಭೆಯ ನಲವತ್ತು ತಲೆಗಳೂ ಅವರ ಕಡೆಗೆ ತಿರುಗಿದವು. ಎಲ್ಲ 'ಭೇಷ್' ಎನ್ನುವ ಕಣ್ಣುಗಳು. ಮುಂದಿನ ಸಾಲಿನಲ್ಲಿದ್ದ ಲಾರಿ ಓಡಿಸುತ್ತಿದ್ದ ಹಿರಿಯರೊಬ್ಬರು ಕಿವಿಯ ಯಂತ್ರ ಸರಿಮಾಡಿಕೊಂಡು ಎದ್ದು ನಿಂತರು.

"ಅಷ್ಟೆಲ್ಲಾ ಬಿಚ್ಚಿದ್ರಲ್ಲ ಮೇಷ್ಟ್ರೇ, ಕೊನೆಗೆ ತೊಂದ್ರೆ ಇದ್ದಿದ್ದು ಎಲ್ಲಿ? ಕಾರ್ಬುರೇಟರ್ ಜೆಟ್ ಕಟ್ಟಿತ್ತಾ? ಇಲ್ಲಾ ಫ್ಲೋಟಾ?"

ಕೆಲವರು ಜೇಬಿನಿಂದ ಪೆನ್ನು ತೆಗೆದರು. ಮೇಷ್ಟ್ರು ಎದ್ದರು. ಇಪ್ಪತ್ತು ನಿಮಿಷದ ಪಾಠ ನಾಲಿಗೆಯ ತುದಿಗೆ ಬಂದು ನಿಂತಿತು. ವೇದಿಕೆಯತ್ತ ನೋಡಿದರು. ಮಾವ ಬಹಳ ಆಸಕ್ತಿಯಿಂದ ಮೇಲಿನ ಫ್ಯಾನನ್ನು ನೋಡುತ್ತಿದ್ದರು.

"ಪೆಟ್ರೋಲಿನ ನಲ್ಲಿ ಮುಚ್ಚಿತ್ತು," ಎಂದರು ಮೇಷ್ಟ್ರು. "ಮುಚ್ಚಿದ್ದು ನಾನೇ."